ಅಪ್ಪ-ಅಮ್ಮ ಬೇರೆಯಾದಾಗ ಮಕ್ಕಳ ಲೆಕ್ಕ ಯಾರು ಇಡುತ್ತಾರೆ?



ಈ ಸಲ ನಾವು ಬರೆಯುತ್ತಿರುವುದು ಭಾನುವಾರದ ಬಲಿಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಎಲ್ಲರೂ ತಗ್ಗಿದ ದನಿಯಲ್ಲಿ ಆಡುವ ಮಾತಿನ ಬಗ್ಗೆ. "ಅವರಿಬ್ಬರೂ ಈಗ ಒಟ್ಟಿಗಿಲ್ಲವಂತೆ." "ಅವಳು ತವರಿಗೆ ಹೋಗಿ ಆರು ತಿಂಗಳಾಯ್ತಂತೆ." ಮುಂದಿನ ಪ್ರಶ್ನೆ ಯಾವಾಗಲೂ ಒಂದೇ: ತಪ್ಪು ಯಾರದು? ಅಷ್ಟರಲ್ಲಿ ಆ ಮನೆಯ ಮಗು ಧರ್ಮೋಪದೇಶದ ತರಗತಿಯಿಂದ ಹೊರಗೆ ಬಂದು, ಇವತ್ತು ತನ್ನನ್ನು ಕರೆದುಕೊಂಡು ಹೋಗಲು ಯಾರು ಬರುತ್ತಾರೋ ಎಂದು ಗೇಟಿನ ಕಡೆ ನೋಡುತ್ತಾ ನಿಂತಿರುತ್ತದೆ. ತರಗತಿ ನಡೆಸುವವರು ನಾವೇ ಆದ್ದರಿಂದ ಈ ಮುಖಗಳನ್ನು ವಾರವಾರವೂ ನೋಡುತ್ತೇವೆ. (ನಮ್ಮ ತಂಡದಲ್ಲಿ ಹೆಚ್ಚಿನವರಿಗೆ ಇನ್ನೂ ಮದುವೆಯೇ ಆಗಿಲ್ಲ. "ಸಂಸಾರದ ಬಗ್ಗೆ ನಿಮಗೇನಪ್ಪಾ ಗೊತ್ತು?" ಎಂದು ಯಾರಾದರೂ ಕೇಳಿದರೆ ಅದೂ ನ್ಯಾಯವೇ. ಆದರೆ ಮಗುವಾಗಿ ಇದ್ದದ್ದು ಹೇಗೆಂದು ನಮಗೆ ಇನ್ನೂ ಚೆನ್ನಾಗಿ ನೆನಪಿದೆ.)

ಬೋಡಿಯಲ್ಲಿ ಒಂದು ಸಂಸಾರ ಒಡೆದಾಗ ಏನಾಗುತ್ತದೆ ಎಂಬುದಕ್ಕೆ ಒಂದು ಕ್ರಮವೇ ಇದೆ. ಮೊದಲು ಎರಡು ಕಡೆಯ ದೊಡ್ಡವರು ಯಾರದಾದರೂ ಮನೆಯ ಜಗಲಿಯಲ್ಲಿ ಕೂತು ಮಾತಾಡುತ್ತಾರೆ. ಆಗದಿದ್ದರೆ ಫಾದರ್ ಹತ್ತಿರ ಬರುತ್ತಾರೆ. ಅಲ್ಲೂ ಆಗದಿದ್ದರೆ ಮಹಿಳಾ ಪೊಲೀಸ್ ಠಾಣೆ. ಕೊನೆಗೆ ವಕೀಲರು, ಕೋರ್ಟು. ಈ ನಾಲ್ಕು ಕಡೆಯೂ ಗಂಟೆಗಟ್ಟಲೆ ಮಾತು ನಡೆಯುತ್ತದೆ: ಒಡವೆ ಎಲ್ಲಿ, ಕೊಟ್ಟ ದುಡ್ಡು ಎಷ್ಟು, ಯಾರು ಯಾರಿಗೆ ಏನು ಅಂದರು, ಅತ್ತೆ ಏನು ಮಾಡಿದಳು, ಅವನು ಕುಡಿದು ಬಂದದ್ದು ಎಷ್ಟು ಸಲ. ಮಗುವಿನ ವಿಷಯ ಬರುವುದು ಎಲ್ಲರೂ ಎದ್ದು ಚಪ್ಪಲಿ ಹಾಕಿಕೊಳ್ಳುವಾಗ. "ಸದ್ಯಕ್ಕೆ ಮಗು ಅಮ್ಮನ ಹತ್ತಿರ ಇರಲಿ, ಮುಂದೆ ನೋಡೋಣ." ಆ 'ಮುಂದೆ' ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಬರುವುದೇ ಇಲ್ಲ.

ನಮ್ಮ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇವೆ. ಗಂಡ ಹೆಂಡತಿಯನ್ನು ಮತ್ತೆ ಸೇರಿಸುವ ಮಾತು ಒಂದು, ಮಗುವಿನ ಮಾತು ಇನ್ನೊಂದು. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಬಾರದು. ಮೊದಲನೆಯದಕ್ಕೆ ಎಷ್ಟು ದಿನ ಬೇಕಾದರೂ ಹಿಡಿಯಲಿ, ಫಾದರ್ ಪ್ರಯತ್ನಿಸಲಿ, ಹಿರಿಯರು ಪ್ರಯತ್ನಿಸಲಿ, ನಾವೆಲ್ಲ ಪ್ರಾರ್ಥಿಸೋಣ. ಎರಡನೆಯದು ಮಾತ್ರ ಮೊದಲ ವಾರದಲ್ಲೇ ಆಗಬೇಕು, ತರಬೇತಿ ಪಡೆದ ಮಧ್ಯಸ್ಥರ ಮುಂದೆ ಆಗಬೇಕು, ಕಾಗದದ ಮೇಲೆ ಆಗಬೇಕು.

ಮೊದಲ ವಾರವೇ ಏಕೆ ಎಂದು ಕೇಳಬಹುದು. ಕ್ರೈಸ್ತರಾದ ನಮಗೆ ಇದು ಇನ್ನೂ ಮುಖ್ಯ. ನಮಗೆ ಅನ್ವಯಿಸುವ ವಿಚ್ಛೇದನ ಕಾಯ್ದೆ 1869ರದು. ಪರಸ್ಪರ ಒಪ್ಪಿಗೆಯಿಂದ ಬೇರೆಯಾಗುವ ದಾರಿ ಅದರಲ್ಲಿ ಇರಲೇ ಇಲ್ಲ. 2001ರ ತಿದ್ದುಪಡಿಯಲ್ಲಿ 10ಎ ಎಂಬ ಕಲಂ ಬಂದ ಮೇಲೆ ತೆರೆಯಿತು. ಆದರೆ ಅರ್ಜಿ ಹಾಕುವ ಮೊದಲು ಎರಡು ವರ್ಷ ಬೇರೆಯಾಗಿ ಬಾಳಿರಬೇಕು ಎಂದು ಆ ಕಲಂ ಹೇಳುತ್ತದೆ. ಹಿಂದೂ ವಿವಾಹ ಕಾಯ್ದೆಯಲ್ಲಿ, ವಿಶೇಷ ವಿವಾಹ ಕಾಯ್ದೆಯಲ್ಲಿ ಇದು ಒಂದೇ ವರ್ಷ. ಈ ತಾರತಮ್ಯ ಸರಿಯಲ್ಲವೆಂದು ಕೇರಳ ಹೈಕೋರ್ಟ್ 2010ರಲ್ಲಿ ಎರಡನ್ನು ಒಂದಕ್ಕೆ ಇಳಿಸಿ ಓದಿತು, 2022ರ ಡಿಸೆಂಬರ್‌ನಲ್ಲಿ ಆ ಒಂದು ವರ್ಷದ ಕಡ್ಡಾಯವೂ ಸಂವಿಧಾನಕ್ಕೆ ವಿರುದ್ಧ ಎಂದಿತು. ಬೆಟ್ಟದ ಆ ಕಡೆ ಪೂಪ್ಪಾರದಲ್ಲಿ ಒಂದು ಲೆಕ್ಕ, ಈ ಕಡೆ ಬೋಡಿಯ ಪುಸ್ತಕದಲ್ಲಿ ಇನ್ನೊಂದು ಲೆಕ್ಕ! ಅದಿರಲಿ. ಕಾಯುವ ಕಾಲ ದಂಪತಿಗೆ ಯೋಚಿಸಲು ಒಳ್ಳೆಯದೇ ಇರಬಹುದು. ಮಗುವಿನ ಲೆಕ್ಕದಲ್ಲಿ ಎರಡು ವರ್ಷ ಅಂದರೆ ಒಂದನೇ ಕ್ಲಾಸಿನಲ್ಲಿ ಇದ್ದದ್ದು ಮೂರನೇ ಕ್ಲಾಸಿಗೆ ಬಂದಿರುತ್ತದೆ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಿರುತ್ತದೆ. ಆ ಹೊತ್ತಿಗೆ ಅಪ್ಪನ ಮುಖ ಫೋನಿನಲ್ಲಿ ಮಾತ್ರ ಗೊತ್ತಿರಬಹುದು.

"ಕೇಸು ಮುಗಿಯುವವರೆಗೆ ಏನೂ ಮಾಡಲಾಗುವುದಿಲ್ಲ" ಎಂದು ನಮ್ಮ ಜನ ನಂಬಿದ್ದಾರೆ. ಇದು ಸರಿಯಲ್ಲ. ಮಗುವಿನ ಪಾಲನೆಗೆ 1890ರ ಪೋಷಕರು ಮತ್ತು ಪಾಲಿತರ ಕಾಯ್ದೆಯಡಿ ಬೇರೆಯಾಗಿಯೇ ಅರ್ಜಿ ಹಾಕಬಹುದು. ವಿಚ್ಛೇದನ ಕೇಳಿರಲೇಬೇಕು ಎಂದೇನಿಲ್ಲ. ಮಗು ಎಲ್ಲಿ ವಾಡಿಕೆಯಾಗಿ ವಾಸಿಸುತ್ತದೋ ಆ ಊರಿನ ಜಿಲ್ಲಾ ನ್ಯಾಯಾಲಯದಲ್ಲೇ ಅದು ನಡೆಯಬೇಕು. ಊಟ, ಬಟ್ಟೆ, ಓದಿನ ಖರ್ಚಿಗೆ ಜೀವನಾಂಶ ಕೇಳುವ ದಾರಿಯೂ ಬೇರೆಯೇ ಇದೆ. ಹಿಂದೆ ಎಲ್ಲರ ಬಾಯಲ್ಲಿದ್ದ 125ನೇ ಕಲಂ, 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144ನೇ ಕಲಂ ಆಗಿದೆ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ಸಾಧ್ಯವಾದಷ್ಟು ಮಟ್ಟಿಗೆ 60 ದಿನದೊಳಗೆ ಮುಗಿಸಬೇಕು ಎಂದೂ ಅದರಲ್ಲಿದೆ. ಹಣವಿಲ್ಲ ಎನ್ನುವವರಿಗೆ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. 15100ಕ್ಕೆ ಫೋನ್ ಮಾಡಿದರೆ ಸಾಕು.

ಇನ್ನು 'ಮಗು ಯಾರದು' ಎಂಬ ಮಾತು. ಇದನ್ನು ನಮ್ಮ ಮದ್ರಾಸಿನಿಂದ ಹೋದ ಒಂದು ಕ್ರೈಸ್ತ ಕುಟುಂಬದ ವ್ಯಾಜ್ಯದಲ್ಲೇ ಸುಪ್ರೀಂ ಕೋರ್ಟ್ ತೀರ್ಮಾನಿಸಿಬಿಟ್ಟಿದೆ. 1973ರ ರೋಸಿ ಜೇಕಬ್ ಪ್ರಕರಣ ಅದು. ಅಪ್ಪ ಅಮ್ಮ ಬೇರೆಯಾಗಿದ್ದರು, ಮೂರು ಮಕ್ಕಳು, ಒಂದು ಕೋರ್ಟಿನಿಂದ ಇನ್ನೊಂದು ಕೋರ್ಟಿಗೆ ವರ್ಷಗಳ ಓಡಾಟ. ಮಕ್ಕಳು ಸಾಮಾನೂ ಅಲ್ಲ, ತಂದೆತಾಯಿಯರ ಆಟಿಕೆಯೂ ಅಲ್ಲ, ಕಾಲ ಬದಲಾಗಿದೆ, ಹೆತ್ತವರ ಹಕ್ಕು ಮಗುವಿನ ಹಿತಕ್ಕೆ ತಲೆಬಾಗಬೇಕು ಎಂಬ ಅರ್ಥದಲ್ಲಿ ನ್ಯಾಯಾಲಯ ಹೇಳಿತು. ಐವತ್ತು ವರ್ಷ ದಾಟಿದೆ. ಇವತ್ತಿಗೂ ನಮ್ಮ ಜಗಲಿ ಪಂಚಾಯ್ತಿಯಲ್ಲಿ "ಗಂಡು ಮಗು, ನಮ್ಮ ವಂಶದ್ದು, ನಾವು ಬಿಡೋದಿಲ್ಲ" ಎಂಬ ಮಾತು ಕೇಳುತ್ತದೆ. "ನಿನ್ನ ಮಗು ನಿನಗೆ ಬೇಕಾದರೆ ಒಡವೆ ಬಿಟ್ಟು ಹೋಗು" ಎಂದೂ ಕೇಳಿದ್ದೇವೆ. ಏಲಕ್ಕಿ ಹರಾಜಿನ ಊರು ನಮ್ಮದು, ಚೌಕಾಸಿ ಮಾತು ನಾಲಿಗೆಗೆ ಬೇಗ ಬರುತ್ತದೆ. ಮಗುವಿನ ವಿಷಯದಲ್ಲಿ ಬರಬಾರದು.

ಮಧ್ಯಸ್ಥಿಕೆ ಅಂದರೇನು ಎಂದು ನಮ್ಮ ತಂಡದಲ್ಲೇ ಅರ್ಧ ಜನರಿಗೆ ಗೊತ್ತಿರಲಿಲ್ಲ. ಪಂಚಾಯ್ತಿಯಂಥದ್ದೇ ಇನ್ನೊಂದು ಅಂದುಕೊಂಡಿದ್ದರು. ಪಂಚಾಯ್ತಿಯಲ್ಲಿ ದೊಡ್ಡವರು ತೀರ್ಪು ಹೇಳುತ್ತಾರೆ. ಮಧ್ಯಸ್ಥರು ತೀರ್ಪು ಹೇಳುವುದಿಲ್ಲ. ಇಬ್ಬರನ್ನೂ ಒಟ್ಟಿಗೆ ಕೂರಿಸುತ್ತಾರೆ, ಬೇಕಾದರೆ ಒಬ್ಬೊಬ್ಬರನ್ನೇ ಬೇರೆ ಕೋಣೆಯಲ್ಲಿ ಕೇಳುತ್ತಾರೆ. ಅಲ್ಲಿ ಆಡಿದ ಮಾತು ಅಲ್ಲೇ ಉಳಿಯುತ್ತದೆ. ನಾಳೆ ಕೋರ್ಟಿನಲ್ಲಿ ಅದನ್ನು ಸಾಕ್ಷಿಯಾಗಿ ಎತ್ತುವ ಹಾಗಿಲ್ಲ. ಒಪ್ಪಂದವಾದರೆ ಬರೆದು ನ್ಯಾಯಾಧೀಶರ ಮುಂದಿಡುತ್ತಾರೆ, ಅದು ಆದೇಶವಾಗುತ್ತದೆ. ಆಗದಿದ್ದರೆ 'ಆಗಲಿಲ್ಲ' ಎಂದಷ್ಟೇ ತಿಳಿಸುತ್ತಾರೆ, ತಪ್ಪು ಯಾರದೆಂದು ಬರೆಯುವುದಿಲ್ಲ. ಇದರಲ್ಲಿ ನಮ್ಮ ರಾಜ್ಯಕ್ಕೆ ಹೆಮ್ಮೆಪಡುವ ಸಂಗತಿಯೂ ಇದೆ. ನ್ಯಾಯಾಲಯಕ್ಕೆ ಸೇರಿದ ಮಧ್ಯಸ್ಥಿಕೆ ಕೇಂದ್ರ ದೇಶದಲ್ಲಿ ಮೊದಲು ಶುರುವಾದದ್ದು 2005ರ ಏಪ್ರಿಲ್‌ನಲ್ಲಿ, ಮದ್ರಾಸ್ ಹೈಕೋರ್ಟಿನ ಆವರಣದಲ್ಲಿ. ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಬಂದದ್ದು 2007ರಲ್ಲಿ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಮೊದಲು ರಾಜಿಗೆ ಪ್ರಯತ್ನಿಸುವುದನ್ನು ನ್ಯಾಯಾಧೀಶರ ಕರ್ತವ್ಯವೆಂದೇ ಬರೆದಿದೆ. 2013ರ ಫೆಬ್ರವರಿಯಲ್ಲಿ ಕೆ. ಶ್ರೀನಿವಾಸ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕೇಸು ಹಾಕುವ ಮೊದಲೇ ದಂಪತಿ ಬಂದು ಮಾತಾಡಲು ಎಲ್ಲ ಮಧ್ಯಸ್ಥಿಕೆ ಕೇಂದ್ರಗಳಲ್ಲೂ ಒಂದು ಮೇಜು ಇರಲಿ ಎಂದಿತು. ಆ ಮೇಜಿನ ಹತ್ತಿರ ಹೋಗಲು ಯಾರಿಗೂ ಯಾರ ಮೇಲೂ ಆರೋಪಪತ್ರ ಬೇಕಾಗಿಲ್ಲ. ನಮ್ಮವರು ಮಾತ್ರ ಅಲ್ಲಿಗೆ ಹೋಗುವುದು ಎಲ್ಲ ಮುಗಿದ ಮೇಲೆ, ಇಬ್ಬರೂ ಒಬ್ಬರ ಮೇಲೊಬ್ಬರು ಬರೆಯಬಾರದ್ದನ್ನೆಲ್ಲ ವಕೀಲರ ಕೈಯಲ್ಲಿ ಬರೆಸಿದ ಮೇಲೆ. ಒಂದು ಸಲ ಬರೆದದ್ದನ್ನು ಓದಿದ ಗಂಡ ಅಥವಾ ಹೆಂಡತಿ ಮತ್ತೆ ಮಗುವಿಗಾಗಿ ಎದುರುಬದುರು ಕೂರುವುದು ಎಷ್ಟು ಕಷ್ಟ!

ನಮ್ಮ ಕಣಿವೆಯ ಮಕ್ಕಳ ವಿಷಯದಲ್ಲಿ ಈ ಮೇಜು ಏಕೆ ಬೇಕು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕೋರ್ಟಿನ ಆದೇಶ ಸಾಮಾನ್ಯವಾಗಿ ಒಂದೇ ಅಚ್ಚಿನದು: ಮಗು ಒಬ್ಬರ ಹತ್ತಿರ, ಇನ್ನೊಬ್ಬರಿಗೆ ಇಂಥ ವಾರ ಇಷ್ಟು ಗಂಟೆ ಭೇಟಿ, ತಿಂಗಳಿಗೆ ಇಷ್ಟು ಹಣ. ಬೋಡಿಯ ಸಂಸಾರ ಆ ಅಚ್ಚಿಗೆ ಹೊಂದುವುದಿಲ್ಲ.

ಬೆಳಗಾಗುವ ಮೊದಲೇ ಜೀಪು ಹತ್ತಿ ಬೋಡಿಮೆಟ್ಟಿನ ತಿರುವುಗಳನ್ನು ದಾಟಿ ಏಲಕ್ಕಿ ತೋಟಕ್ಕೆ ಹೋಗುವ ಅಮ್ಮನಿಗೆ, ಶನಿವಾರ ಬೆಳಿಗ್ಗೆ ಹತ್ತಕ್ಕೆ ಮಗುವನ್ನು ಒಪ್ಪಿಸಬೇಕು ಎಂದರೆ ಒಂದು ದಿನದ ಕೂಲಿ ಹೋದ ಹಾಗೆ. ಅವಳಿಗೆ ಆಗುವುದು ಭಾನುವಾರ. ಏಲಕ್ಕಿ ವ್ಯಾಪಾರದಲ್ಲಿರುವ ಅಪ್ಪನ ಕೈಯಲ್ಲಿ ಕೊಯ್ಲಿನ ತಿಂಗಳುಗಳಲ್ಲಿ ದುಡ್ಡು ಓಡಾಡುತ್ತದೆ, ಆಮೇಲೆ ಒಣಗುತ್ತದೆ. ಪ್ರತಿ ತಿಂಗಳೂ ಒಂದೇ ಮೊತ್ತ ಎಂದು ಬರೆದರೆ ಮೇ ತಿಂಗಳಲ್ಲಿ ತಪ್ಪುತ್ತಾನೆ, ತಪ್ಪಿದ ಕೂಡಲೇ ಜಗಳ. ಜೂನ್‌ನ ಸ್ಕೂಲ್ ಫೀಸು, ಪುಸ್ತಕ, ಶೂ ಇವನ್ನು ಕೊಯ್ಲಿನ ದುಡ್ಡಿನಲ್ಲೇ ಮೊದಲು ತೆಗೆದಿಡಬೇಕು ಎಂದು ಒಪ್ಪಿಕೊಂಡರೆ ನಡೆಯುತ್ತದೆ. (ಮಗು ಮಾತ್ರ ಎಲ್ಲ ಹನ್ನೆರಡು ತಿಂಗಳೂ ಉಣ್ಣುತ್ತದೆ ಎಂಬುದನ್ನು ಅಪ್ಪಂದಿರು ಮರೆಯಬಾರದು, ತಿಂಗಳಿಗೆ ಕನಿಷ್ಠ ಇಷ್ಟು ಎಂಬುದು ಇದ್ದೇ ಇರಬೇಕು.) ಇಂಥ ಸಣ್ಣ ಸಣ್ಣ ಲೆಕ್ಕ ಹಾಕಲು ನ್ಯಾಯಾಧೀಶರಿಗೆ ಸಮಯವಿಲ್ಲ, ವಕೀಲರಿಗೆ ತಾಳ್ಮೆಯಿಲ್ಲ. ಮಧ್ಯಸ್ಥರ ಕೆಲಸವೇ ಅದು.

ಅಜ್ಜಿಯರದು ಇನ್ನೊಂದು ಕಥೆ. ನಮ್ಮ ಎಷ್ಟೋ ಮನೆಗಳಲ್ಲಿ ಅಪ್ಪ ತಿರುಪ್ಪೂರಿನಲ್ಲೋ ಬೆಂಗಳೂರಿನಲ್ಲೋ ಇರುತ್ತಾನೆ, ಅಮ್ಮ ತೋಟಕ್ಕೆ ಹೋಗುತ್ತಾಳೆ, ಮಗುವಿಗೆ ಎಣ್ಣೆ ಹಚ್ಚಿ ಜಡೆ ಹಾಕಿ ಸ್ಕೂಲಿಗೆ ಬಿಡುವವಳು ಅಜ್ಜಿ. ಆ ಮಗುವಿಗೆ ಮನೆ ಅಂದರೆ ಅಜ್ಜಿಯ ಮನೆ. ಅವಳು ಅಪ್ಪನ ತಾಯಿಯಾಗಿದ್ದರೆ, ಮಗು ಅಮ್ಮನ ಹತ್ತಿರ ಹೋದ ದಿನ ಅಜ್ಜಿ ಒಂದೇ ಏಟಿಗೆ ಶತ್ರುವಿನ ಕಡೆಯವಳಾಗಿಬಿಡುತ್ತಾಳೆ. ಕೋರ್ಟಿನ ಕಾಗದದಲ್ಲಿ ಅವಳ ಹೆಸರೇ ಇರುವುದಿಲ್ಲ. ಮಧ್ಯಸ್ಥಿಕೆಯಲ್ಲಿ ಇಬ್ಬರೂ ಒಪ್ಪಿದರೆ ಅವಳನ್ನೂ ಕರೆದು ಕೂರಿಸಬಹುದು.

ಭಾಷೆಯ ಮಾತನ್ನು ಹೊರಗಿನವರು ಯಾರೂ ಯೋಚಿಸುವುದಿಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲೂ ಸ್ಕೂಲಿನಲ್ಲೂ ತಮಿಳು, ಬೆಟ್ಟ ಹತ್ತಿದರೆ ಮಲೆಯಾಳ. ನಮ್ಮ ಮಕ್ಕಳು ಹೀಗೆ ಬೆಳೆಯುತ್ತಾರೆ. ಅಮ್ಮನ ಊರು ಬೆಂಗಳೂರೋ ಮೈಸೂರೋ ಆಗಿದ್ದು ಅವಳು ಮಗುವನ್ನು ಕರೆದುಕೊಂಡು ತವರಿಗೆ ಹೋದರೆ, "ಕನ್ನಡದ ಮಗುವೇ ಅಲ್ಲವಾ, ಹೊಂದಿಕೊಳ್ಳುತ್ತೆ ಬಿಡಿ" ಎಂದು ಎಲ್ಲರೂ ಹೇಳುತ್ತಾರೆ. ಮಾತಾಡುವ ಕನ್ನಡ ಬೇರೆ, ಬರೆಯುವ ಕನ್ನಡ ಬೇರೆ. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯ್ದೆಯಡಿ ಇಲ್ಲಿ ಒಂದನೇ ಕ್ಲಾಸಿನಿಂದ ತಮಿಳು ಕಡ್ಡಾಯ. ಕರ್ನಾಟಕದ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಡಿ ಅಲ್ಲಿ ಕನ್ನಡ ಕಡ್ಡಾಯ. ಐದನೇ ಕ್ಲಾಸಿನ ಮಗು ಅಲ್ಲಿಗೆ ಹೋಗಿ ಮೊದಲನೆಯ ದಿನ ಅ ಆ ಇ ಈ ಬರೆಯಲು ಕೂರಬೇಕು. ಅಪ್ಪನನ್ನೂ ಗೆಳೆಯರನ್ನೂ ಬಿಟ್ಟು ಬಂದದ್ದು ಸಾಲದೆಂಬಂತೆ, ನಿನ್ನೆಯವರೆಗೆ ಓದಿನಲ್ಲಿ ಜಾಣನಾಗಿದ್ದವನು ಇವತ್ತು ಕ್ಲಾಸಿನಲ್ಲಿ ಹಿಂದಿನವನು. ವರ್ಷದ ನಡುವೆ ಊರು ಬಿಡಿಸಬೇಡಿ, ಏಪ್ರಿಲ್‌ವರೆಗೆ ಕಾಯಿರಿ, ಆ ಬೇಸಿಗೆಯಲ್ಲಿ ಅಕ್ಷರ ಕಲಿಸಿ ಎಂಬ ಇಷ್ಟೇ ಇಷ್ಟು ಒಪ್ಪಂದವಾದರೂ ಮಗುವಿಗೆ ಎಷ್ಟೋ ಹಗುರ. ತುರ್ತಾಗಿ ಹೋಗಲೇಬೇಕಾದ ಅಮ್ಮಂದಿರಿಗೂ ಒಂದು ಮಾತು ತಿಳಿದಿರಲಿ: ಗಂಡನ ಮನೆಯವರು ಟಿಸಿ ತಡೆದರು ಎಂಬ ಕಾರಣಕ್ಕೆ ಮಗುವಿನ ಓದು ನಿಲ್ಲಬೇಕಾಗಿಲ್ಲ. ಟಿಸಿ ತಡವಾಯಿತೆಂದು ಸರ್ಕಾರಿ ಅಥವಾ ಅನುದಾನಿತ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಹೇಳುತ್ತದೆ.

ದೂರವಿರುವ ಅಪ್ಪ ಅಥವಾ ಅಮ್ಮನ ವಿಷಯದಲ್ಲಿ 2020ರ ಜನವರಿಯ ಯಶಿತಾ ಸಾಹು ಪ್ರಕರಣದ ತೀರ್ಪನ್ನು ಎಲ್ಲರೂ ತಿಳಿದುಕೊಳ್ಳಬೇಕು. ಮಗು ಒಬ್ಬರ ಹತ್ತಿರ ಇದ್ದರೂ ಇನ್ನೊಬ್ಬರ ಪ್ರೀತಿ ಅದಕ್ಕೆ ಸಿಗಲೇಬೇಕು, ಬೇರೆ ಊರು ದೇಶದಲ್ಲಿದ್ದರೆ ಫೋನು, ವಿಡಿಯೋ ಕಾಲ್ ಮೂಲಕ ದಿನಕ್ಕೆ ಐದು ಹತ್ತು ನಿಮಿಷವಾದರೂ ಮಾತಾಡುವಂತಿರಬೇಕು ಎಂದು ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿದೆ. ಐದು ನಿಮಿಷ! ನಾವು ರೀಲ್ಸ್ ನೋಡುವ ಹೊತ್ತಿನಲ್ಲಿ ಅದು ಯಾವ ಲೆಕ್ಕ? ಆದರೂ ಎಷ್ಟು ಮನೆಗಳಲ್ಲಿ ಅಪ್ಪನ ನಂಬರನ್ನು ಬ್ಲಾಕ್ ಮಾಡಿಟ್ಟಿರುತ್ತಾರೆ. "ಅವನು ದುಡ್ಡು ಕಳಿಸಿಲ್ಲ, ಅದಕ್ಕೇ ಮಾತಾಡಿಸೋದಿಲ್ಲ." ಆ ಕಡೆಯಿಂದ, "ಮಗು ತೋರಿಸೋದಿಲ್ಲ, ಅದಕ್ಕೇ ದುಡ್ಡು ಕಳಿಸೋದಿಲ್ಲ." ಜೀವನಾಂಶವೂ ಭೇಟಿಯೂ ಎರಡೂ ಮಗುವಿಗೆ ಸೇರಬೇಕಾದ್ದು. ಒಂದು ಬರಲಿಲ್ಲವೆಂದು ಇನ್ನೊಂದನ್ನೂ ತಡೆದರೆ ನಷ್ಟ ಎರಡು ಸಲ ಆಗುವುದು ಒಬ್ಬರಿಗೇ. 2023ರ ಜೂನ್‌ನಿಂದ ಬೋಡಿಗೆ ಮತ್ತೆ ರೈಲು ಬರುತ್ತಿದೆ. ಮಧುರೈಯಲ್ಲಿ ಕೆಲಸ ಮಾಡುವ ಅಪ್ಪನಿಗೆ ಮಗುವನ್ನು ನೋಡಿಹೋಗಲು ಈಗ ದಾರಿ ಸುಲಭ. ಬಂದವನನ್ನು ಗೇಟಿನ ಹೊರಗೇ ನಿಲ್ಲಿಸದಿದ್ದರೆ ಸಾಕು.

ಮಗುವನ್ನೇ ಕೇಳಬಾರದೇ ಎಂದು ಕೆಲವರು ಹೇಳುತ್ತಾರೆ. ಕೇಳಬೇಕು. ತಿಳಿದು ಇಷ್ಟಾನಿಷ್ಟ ಹೇಳುವ ವಯಸ್ಸಾಗಿದ್ದರೆ ಅದನ್ನು ನ್ಯಾಯಾಲಯ ಗಣಿಸಬಹುದೆಂದು 1890ರ ಕಾಯ್ದೆಯಲ್ಲೇ ಇದೆ. ಭಾರತ 1992ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯೂ ಅದನ್ನೇ ಹೇಳುತ್ತದೆ. ಆದರೆ ಎರಡು ಕಡೆಯ ಹದಿನೈದು ಜನ ಕೂತಿರುವ ಜಗಲಿಯಲ್ಲಿ ನಿಲ್ಲಿಸಿ "ಹೇಳು ಪಾಪು, ಅಪ್ಪ ಬೇಕಾ ಅಮ್ಮ ಬೇಕಾ?" ಎಂದು ಕೇಳುವುದು ಕೇಳುವಿಕೆ ಅಲ್ಲ, ಹಿಂಸೆ. ಯಾವ ಉತ್ತರ ಕೊಟ್ಟರೂ ಅದು ಒಬ್ಬರಿಗೆ ದ್ರೋಹ ಮಾಡಿದ ಹಾಗೆ ಆಗುತ್ತದೆ, ಆ ಭಾರವನ್ನು ಅದು ದೊಡ್ಡದಾದ ಮೇಲೂ ಹೊರುತ್ತದೆ. ಮಗುವಿನ ಮನಸ್ಸು ತಿಳಿಯಬೇಕಾದರೆ 'ಯಾರು ಬೇಕು' ಎಂದು ಕೇಳುವುದು ಬೇಡ; ನಿನ್ನ ದಿನ ಹೇಗಿರುತ್ತೆ, ಹೋಂವರ್ಕ್ ಯಾರು ಮಾಡಿಸುತ್ತಾರೆ, ರಾತ್ರಿ ಹೆದರಿಕೆಯಾದರೆ ಯಾರನ್ನು ಕರೆಯುತ್ತೀಯ ಎಂದು ಕೇಳಬೇಕು. ಅದೂ ಒಂಟಿಯಾಗಿ, ತಿಳಿದವರು, ಮಗುವಿಗೆ ಬರುವ ಭಾಷೆಯಲ್ಲಿ.

ಎಲ್ಲ ಮನೆಗೂ ಮಧ್ಯಸ್ಥಿಕೆ ಸರಿ ಎಂದು ನಾವು ಹೇಳುತ್ತಿಲ್ಲ. ಹೊಡೆತ, ಬೆದರಿಕೆ ಇರುವ ಕಡೆ ಎದುರುಬದುರು ಕೂರಿಸುವುದು ಹೊಡೆಸಿಕೊಂಡವಳಿಗೆ ಇನ್ನೊಂದು ಶಿಕ್ಷೆ. ಅಂಥ ಕಡೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ರಕ್ಷಣಾ ಆದೇಶವನ್ನೂ ಅದರ ಜೊತೆಗೇ ಮಗುವಿನ ತಾತ್ಕಾಲಿಕ ಸುಪರ್ದಿಯನ್ನೂ ಕೇಳಬಹುದು. ಮಹಿಳಾ ಸಹಾಯವಾಣಿ 181. ಮಗುವಿನ ಮೇಲೇ ದೌರ್ಜನ್ಯವಾಗಿದ್ದರೆ 1098. ಲೈಂಗಿಕ ದೌರ್ಜನ್ಯವಾಗಿದ್ದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ತಿಳಿದವರು ತಿಳಿಸಲೇಬೇಕು. 'ಮನೆ ಮರ್ಯಾದೆ', 'ಚರ್ಚಿನ ಹೆಸರು' ಎಂದು ಯಾವ ಹಿರಿಯರೂ ಅದನ್ನು ರಾಜಿ ಮಾಡಿಸುವಂತಿಲ್ಲ. ಇಲ್ಲಿ ನಮ್ಮ ದನಿ ಸ್ವಲ್ಪ ಗಟ್ಟಿಯಾಗಿಯೇ ಇರಲಿ.

"ನೀವು ಹೀಗೆಲ್ಲ ಬರೆದರೆ ಬೇರೆಯಾಗುವುದನ್ನು ಸುಲಭ ಮಾಡಿಕೊಟ್ಟ ಹಾಗೆ ಆಗುವುದಿಲ್ಲವಾ? ವಿವಾಹ ಸಂಸ್ಕಾರ ಅಲ್ಲವಾ?" ಈ ಬರಹದ ಕರಡನ್ನು ಓದಿದ ಅನ್ಬಿಯಂನ ಒಬ್ಬ ಅಮ್ಮ ನಮ್ಮನ್ನು ಹೀಗೆ ಕೇಳಿದರು. ಒಳ್ಳೆಯ ಪ್ರಶ್ನೆ. ಅವರ ಆತಂಕಕ್ಕೆ ಗೌರವವಿದೆ. ಆದರೆ ಧರ್ಮಸಭೆಯೇ ಈ ಎರಡು ವಿಷಯವನ್ನು ಬೇರೆ ಬೇರೆಯಾಗಿ ನೋಡಿದೆ. 1983ರ ಧರ್ಮಸಭೆಯ ಕಾನೂನು ಸಂಹಿತೆ, ದಂಪತಿ ಬೇರೆ ಬಾಳುವ ಸ್ಥಿತಿ ಬಂದಾಗ ಮಕ್ಕಳ ಪೋಷಣೆಗೂ ಶಿಕ್ಷಣಕ್ಕೂ ತಕ್ಕ ಏರ್ಪಾಡು ಯಾವಾಗಲೂ ಆಗಬೇಕು ಎನ್ನುತ್ತದೆ. ಇದು 1154ನೇ ಕಲಂ. ಚರ್ಚಿನ ವಿವಾಹ ನ್ಯಾಯಮಂಡಳಿ ಪರಿಶೀಲಿಸುವುದು ವಿವಾಹಬಂಧ ಸಿಂಧುವೋ ಅಲ್ಲವೋ ಎಂಬುದನ್ನು. ಮಗು ಯಾರ ಹತ್ತಿರ ಇರಬೇಕು ಎಂದು ತೀರ್ಮಾನಿಸುವ ಜಾಗ ಅದಲ್ಲ. ಅಲ್ಲಿ ವಿವಾಹ ಅಸಿಂಧು ಎಂದಾದರೆ ಮಕ್ಕಳು 'ಅಕ್ರಮ ಸಂತಾನ' ಆಗಿಬಿಡುತ್ತಾರೆ ಎಂದು ಅಜ್ಜಿಯರು ಹೆದರುತ್ತಾರೆ. ಹಾಗಾಗುವುದಿಲ್ಲ, 1137ನೇ ಕಲಂನಲ್ಲಿ ಇದು ಸ್ಪಷ್ಟವಾಗಿದೆ. ಬೇರೆಯಾಗಿ ಬಾಳುತ್ತಿದ್ದಾರೆ ಎಂಬ ಒಂದೇ ಕಾರಣಕ್ಕೆ ಯಾರಿಗೂ ಪರಮಪ್ರಸಾದ ನಿಷಿದ್ಧವಲ್ಲ. ಇದು ತಿಳಿಯದೆ ಹಿಂದಿನ ಸಾಲಿನಲ್ಲಿ ಕೂತು ಎದ್ದುಹೋಗುವ ತಾಯಂದಿರು ನಮ್ಮ ನಡುವೆಯೇ ಇದ್ದಾರೆ. ಪೋಪ್ ಫ್ರಾನ್ಸಿಸ್ 2016ರಲ್ಲಿ ಕುಟುಂಬದ ಬಗ್ಗೆ ಬರೆದ 'ಅಮೋರಿಸ್ ಲೆತೀಸಿಯ' ಪ್ರೇಷಿತ ಪ್ರಬೋಧನೆಯಲ್ಲಿ, ಬೇರೆಯಾದ ಹೆತ್ತವರಿಗೆ ಮಗುವನ್ನು ಒತ್ತೆಯಾಳಾಗಿ ಇಟ್ಟುಕೊಳ್ಳಲೇಬೇಡಿ ಎಂದು ಬಹಳ ಕಟುವಾಗಿ ಹೇಳಿದ್ದಾರೆ.

ಆದಿಕಾಂಡದ 21ನೇ ಅಧ್ಯಾಯವನ್ನು ನಾವು ತಂಡದಲ್ಲಿ ಓದಿದಾಗ ಒಂದು ವಿಷಯ ಗಮನಕ್ಕೆ ಬಂತು. ದೊಡ್ಡವರ ಜಗಳದಲ್ಲಿ ಹಾಗರಳೂ ಮಗನೂ ಮನೆ ಬಿಡಬೇಕಾಗುತ್ತದೆ. ಅಬ್ರಹಾಮ ಕೊಟ್ಟು ಕಳಿಸಿದ್ದು ಸ್ವಲ್ಪ ರೊಟ್ಟಿ, ಒಂದು ಚರ್ಮದ ಚೀಲ ನೀರು. (ಶ್ರೀಮಂತ ತಂದೆ, ಜೀವನಾಂಶ ಇಷ್ಟೇ!) ನೀರು ಮುಗಿದಾಗ ತಾಯಿ ದೂರ ಕೂತು ಅಳುತ್ತಾಳೆ. ಆದರೆ ದೇವರ ಕಿವಿಗೆ ಬಿದ್ದದ್ದು ಹುಡುಗನ ದನಿ ಎಂದು ಅಲ್ಲಿ ಬರೆದಿದೆ. ಇಸ್ಮಾಯೇಲ್ ಎಂಬ ಹೆಸರಿನ ಅರ್ಥವೇ ದೇವರು ಕೇಳುತ್ತಾನೆ ಎಂದು. ಆ ಅಧ್ಯಾಯದಲ್ಲಿ ಹುಡುಗ ಏನು ಹೇಳಿದ ಎಂದು ಒಂದು ಮಾತೂ ಇಲ್ಲ, ಅವನನ್ನು ಯಾರೂ ಮಾತಾಡಿಸುವುದೂ ಇಲ್ಲ. ಆಮೇಲೆ ಮಾತ್ರ ಬಾವಿ ಕಾಣಿಸುತ್ತದೆ.

ಹಾಗಾದರೆ ನಾವು ಯುವಜನರು ಮಾಡಬಹುದಾದದ್ದು ಏನು? ಮಧ್ಯಸ್ಥಿಕೆ ನಮ್ಮ ಕೆಲಸ ಅಲ್ಲ. ಅದಕ್ಕೆ ತರಬೇತಿ ಬೇಕು. ಬಿಎಸ್ಸಿ ಓದಿದವರು, ಗಿಟಾರ್ ನುಡಿಸುವವರು ಹೋಗಿ ಯಾರದೋ ಸಂಸಾರ ಸರಿಮಾಡುತ್ತೇವೆ ಎಂದರೆ ಇನ್ನಷ್ಟು ಕೆಡುತ್ತದೆ. ಇಬ್ಬರಲ್ಲಿ ಒಬ್ಬರ ಕಡೆ ವಾಟ್ಸಾಪ್ ಸ್ಟೇಟಸ್ ಹಾಕುವುದಂತೂ ಬೇಡವೇ ಬೇಡ. ನಮ್ಮ ಕೈಯಲ್ಲಿ ಇರುವುದು ಚಿಕ್ಕ ಕೆಲಸಗಳು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗುವ ಅಮ್ಮನ ಜೊತೆ ಬಸ್ಸಿನಲ್ಲಿ ಒಬ್ಬರು ಹೋಗಬಹುದು, ತಮಿಳಿನಲ್ಲಿ ಅರ್ಜಿ ಬರೆದುಕೊಡಬಹುದು. ಧರ್ಮೋಪದೇಶದಲ್ಲಿ "ನಿಮ್ಮಪ್ಪ ಎಲ್ಲಿ, ಯಾಕೆ ಬರ್ತಾ ಇಲ್ಲ?" ಎಂದು ಎಲ್ಲರ ಮುಂದೆ ಕೇಳದೆ ಇರಬಹುದು. ಕುಟುಂಬ ದಿನದಂದು ಅಪ್ಪ ಅಮ್ಮನ ಕೈಹಿಡಿದು ವೇದಿಕೆ ಹತ್ತುವ ಸ್ಪರ್ಧೆಯನ್ನು ಕೈಬಿಡಬಹುದು. ಅಜ್ಜಿಯ ಕೈ ಹಿಡಿದು ಬರುವ ಮಗುವಿಗೂ ಅದು ಹಬ್ಬವಾಗಿರಲಿ. ಕ್ರಿಸ್ಮಸ್ ರಾತ್ರಿಯ ಬಲಿಪೂಜೆಗೆ ಮಗು ಯಾರ ಜೊತೆ ಬರಬೇಕು ಎಂದು ಡಿಸೆಂಬರ್ 24ರ ಸಂಜೆ ಜಗಳವಾಡುವುದಕ್ಕಿಂತ, ಒಂದು ವರ್ಷ ಇವರು ಒಂದು ವರ್ಷ ಅವರು ಎಂದು ಮೊದಲೇ ಬರೆದಿಡಿ ಎಂದು ಹೆತ್ತವರಿಗೆ ನೆನಪಿಸಬಹುದು.

ಪ್ಯಾರಿಷ್ ಕೌನ್ಸಿಲ್ ಮುಂದೆ ನಾವು ಎರಡು ಕೋರಿಕೆ ಇಟ್ಟಿದ್ದೇವೆ. ಒಂದು, ಭಾನುವಾರ ಬಲಿಪೂಜೆಯ ನಂತರ ಧರ್ಮೋಪದೇಶದ ಒಂದು ಕೋಣೆಯನ್ನು ಮಧ್ಯಾಹ್ನದವರೆಗೆ ತೆರೆದಿಡಬೇಕು. ಬೇರೆಯಾದ ಹೆತ್ತವರು ಮಗುವನ್ನು ಒಬ್ಬರಿಂದ ಒಬ್ಬರಿಗೆ ಒಪ್ಪಿಸಲು, ಅಥವಾ ಅಪ್ಪ ಬಂದು ಎರಡು ಗಂಟೆ ಮಗುವಿನ ಜೊತೆ ಕೇರಂ ಆಡಿ ಹೋಗಲು. ಠಾಣೆಯ ಬೆಂಚಿಗಿಂತ, ಬಸ್ ಸ್ಟ್ಯಾಂಡಿಗಿಂತ ಅದು ಮಗುವಿಗೆ ಪರಿಚಯದ ಜಾಗ. ಸಿಸ್ಟರ್ ಒಬ್ಬರು ಹತ್ತಿರದಲ್ಲಿ ಇರುತ್ತಾರೆ, ಮಾತಿನ ನಡುವೆ ಹೋಗುವುದಿಲ್ಲ. ಎರಡನೆಯದು ಇನ್ನೂ ಚಿಕ್ಕದು. ಮೊದಲ ಪರಮಪ್ರಸಾದದ ನೋಂದಣಿ ಫಾರಂನಲ್ಲಿ ಈಗ ಒಂದೇ ಫೋನ್ ನಂಬರಿಗೆ, ಒಂದೇ ವಿಳಾಸಕ್ಕೆ ಜಾಗವಿದೆ. ಅದನ್ನು ಎರಡು ಮಾಡಬೇಕು. ಆಗ ಅಭ್ಯಾಸದ ದಿನ, ಪಾಪನಿವೇದನೆಯ ದಿನ, ಬಿಳಿ ಬಟ್ಟೆಯ ಅಳತೆಯ ದಿನ ಇಬ್ಬರಿಗೂ ನಾವೇ ಫೋನ್ ಮಾಡಿ ತಿಳಿಸುತ್ತೇವೆ, ಮಗುವಿನ ಕೈಯಲ್ಲಿ ಹೇಳಿಕಳಿಸುವುದಿಲ್ಲ. ಫಾರಂಗಳು ಮುಂದಿನ ತಿಂಗಳು ಅಚ್ಚಿಗೆ ಹೋಗುತ್ತವೆ. ಅದಕ್ಕೆ ಮೊದಲು ನಿಮ್ಮ ಅಭಿಪ್ರಾಯವನ್ನು ನಮ್ಮ ತಂಡದ ಯಾರಿಗಾದರೂ ತಿಳಿಸಿ.